ರಾಹುಕಾಲದ ಮೋಲ್ಡು

ಹಸಿ ಸಿಮೆಂಟಿನ ವಾಸನೆ ಬಡಿದರೆ ಈಗಲೂ ನನ್ನ ಕೈಗಳು ಬಾಂಡ್ಲಿ ಹುಡುಕುತ್ತವೆ.

ಕುರುಬರಹಳ್ಳಿಯಲ್ಲಿ ನಮ್ಮ ಒಂದು ಕೋಣೆಯ ಮನೆಗೆ ಅಂದು ಮೋಲ್ಡು, ತಾರಸಿಗೆ ಕಾಂಕ್ರೀಟು ಹಾಕುವ ದಿನ. ಶುಕ್ರವಾರ, ಹತ್ತೂವರೆ. ಬೀದಿಯಲ್ಲಿ ಕ್ರೈಸ್ತರು ನಾವೊಬ್ಬರೇ. ಅದು ರಾಹುಕಾಲವೆಂದು ಅಮ್ಮನಿಗೆ ಹೊಳೆಯಲೇ ಇಲ್ಲ. ಮೇಸ್ತ್ರಿ ಕಾಂಕ್ರೀಟು ಕಲಸಿ ಮುಗಿಸಿದ್ದ. ಕೈಜೋಡಿಸುತ್ತೇವೆ ಎಂದಿದ್ದ ಅಕ್ಕಪಕ್ಕದವರು ಹೊಂಗೆಮರದ ಕೆಳಗೆ ನಿಂತುಬಿಟ್ಟರು. ಬರಬೇಕಿದ್ದ ಚರ್ಚಿನವರ ಸುಳಿವೇ ಇರಲಿಲ್ಲ.

"ಹನ್ನೆರಡಾಗ್ಲಿ ಕಣಮ್ಮ, ಬರ್ತೀವಿ," ಎಂದರು ಎದುರುಮನೆಯ ನಂಜಪ್ಪ.

"ಅಷ್ಟೊತ್ತಿಗೆ ಗಟ್ಟಿಯಾಗೋಗುತ್ತೆ, ಎಲ್ಲಾ ದಂಡ," ಎಂದ ಮೇಸ್ತ್ರಿ.

ಅಮ್ಮ ಸೆರಗು ಸಿಕ್ಕಿಸಿಕೊಂಡಳು. "ಕರ್ತ ಇದಾನೆ. ಎತ್ರೀ!"

ಅಪ್ಪ ಏಣಿಯ ಮೇಲೆ, ಅಮ್ಮ ಕೆಳಗೆ, ನಡುವೆ ಅಕ್ಕ ಮತ್ತು ನಾನು. ಒಂದೊಂದು ಬಾಂಡ್ಲಿಗೂ ಅಮ್ಮ "ಸ್ತೋತ್ರ!" ಎಂದು ಕೂಗಿದರೆ ನಾವೂ ಕೂಗುತ್ತಿದ್ದೆವು. ಹಬ್ಬದಲ್ಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

"ನಿಮ್ಮ ಏಸಪ್ಪ ಒಂದು ಕೈ ಹಿಡೀಬಾರ್ದಾ?" ಮರದ ಕೆಳಗಿನಿಂದ ನಂಜಪ್ಪ ನಕ್ಕರು.

"ಹಿಡ್ಕೊಂಡಿರೋದಕ್ಕೇ ಇನ್ನೂ ನಿಂತಿದೀನಿ ಕಣಣ್ಣ!"

ಅಷ್ಟು ಹೇಳುವಾಗಲೇ ಅಮ್ಮನ ಕೈಯಲ್ಲಿದ್ದ ಬಾಂಡ್ಲಿ ವಾಲಿತು. ಕೆಳಗೆ ಬೀಳುವ ಮೊದಲೇ ಎರಡು ಒರಟು ಕೈಗಳು ಅದನ್ನು ಹಿಡಿದವು. ನಂಜಪ್ಪ! ಅವರ ಹಿಂದೆ ಮರದ ಕೆಳಗಿದ್ದವರೆಲ್ಲ ಓಡಿ ಬಂದರು. ಬಾಂಡ್ಲಿಗಳು ಹಾರಿದವು, ಸೂರು ತುಂಬಿತು.

"ಕರ್ತನೇ ಕಳಿಸಿದ," ಎಂದಳು ಅಮ್ಮ ಸಂಜೆ, ಕಾಫಿ ಕೊಡುತ್ತಾ.

"ರಾಹುಕಾಲ ಮುಗೀತು, ಬಂದ್ವಿ. ಅಷ್ಟೇ," ಎಂದರು ನಂಜಪ್ಪ.

ಯೂನಿವರ್ಸಿಟಿಯಲ್ಲಿ ಓದಿದ ಮೇಲೆ ನನ್ನ ನೆನಪನ್ನೇ ನಾನು ನಂಬುವುದಿಲ್ಲ. ಅವರ ಮಾತೇ ಸರಿಯಿರಬಹುದು. ಆದರೆ ಅಂದು ಹತ್ತಿರದ ಕಾರ್ಖಾನೆಯ ಹನ್ನೆರಡರ ಸೈರನ್ನು ಕೂಗಿದಾಗ ನಂಜಪ್ಪನ ಮೊಣಕೈವರೆಗೂ ಸಿಮೆಂಟು ಮೆತ್ತಿತ್ತು.