ಹದಿನಾಲ್ಕನೇ ಬಾಗಿಲು

ಕಚೇರಿ ರಸ್ತೆಯ ಆಚೆ ಬದಿಗೆ ಹೋಯಿತು. ಇಂಟರ್ನ್‌ಶಿಪ್‌ಗೆ ಬಂದ ಹುಡುಗಿ ಮಾತ್ರ ಈಚೆ ಬದಿಯಲ್ಲೇ ಉಳಿದಳು. ಕಟ್ಟಡಗಳ ನಕ್ಷೆ ಬರೆಯುವ ನಾಲ್ಕು ಜನರ ಕಚೇರಿ ಅದು. ಮೇಜು, ಪ್ರಿಂಟರು, ಹೂಕುಂಡ, ಕೊನೆಗೆ ಗೋಡೆಯ ಗಡಿಯಾರವನ್ನೂ ಹೊತ್ತುಕೊಂಡು ಎದುರಿನ ಕಟ್ಟಡ ಸೇರಿತು. ಹುಡುಗಿಯನ್ನು ಹೊತ್ತೊಯ್ಯುವಂತಿರಲಿಲ್ಲ. ಅವಳು ಬೇರೆ ದೇಶದಿಂದ ಓದಲು ಬಂದವಳು. ಅವಳ ಕೆಲಸದ ಅನುಮತಿ ಪತ್ರದಲ್ಲಿ ‘ಎರಡನೇ ಮಹಡಿ, ಬಾಗಿಲ ಸಂಖ್ಯೆ ಹದಿನಾಲ್ಕು, ಇಲ್ಲಿ ಮಾತ್ರ’ ಎಂದು ಅಚ್ಚಾಗಿತ್ತು. ಹೊಸ ವಿಳಾಸದ ಪತ್ರ ಬರಲು ಹದಿನೈದು ದಿನ. ಅಷ್ಟು ದಿನ ಸುಮ್ಮನಿದ್ದರೆ ಕೋರ್ಸಿಗೆ ಬೇಕಾದ ಗಂಟೆಗಳು ತುಂಬುವುದಿಲ್ಲ. ಗಂಟೆ ತುಂಬದಿದ್ದರೆ ಸೀಟು ಹೋಗುತ್ತದೆ. ಸೀಟು ಹೋದರೆ ವಿಮಾನ ಹತ್ತಬೇಕು. ರಸ್ತೆ ದಾಟಿ ಒಂದೇ ಒಂದು ಗೆರೆ ಎಳೆದರೂ ಅದೇ ವಿಮಾನ.

“ಹಾಗಾದ್ರೆ ಇಲ್ಲೇ ಕೂತ್ಕೋ,” ಎಂದರು ಕಚೇರಿಯ ಯಜಮಾನರು, ಒಂದು ಮೇಜು, ಒಂದು ಕುರ್ಚಿ ಬಿಟ್ಟುಕೊಟ್ಟು. “ಏನಾದ್ರೂ ಬೇಕಿದ್ರೆ ಕಿಟಕಿಯಿಂದ ಕೈ ಬೀಸು. ಊಟಕ್ಕೆ ಮಾತ್ರ ಆಚೆ ಬಾ. ಊಟ ಮಾಡೋದು ಕೆಲಸ ಅಲ್ವಲ್ಲ.”

ನಿಯಮ ಪಾಲಿಸುವುದರಲ್ಲಿ ಹುಡುಗಿ ಪತ್ರಕ್ಕಿಂತ ಒಂದು ಕೈ ಮೇಲು. ಊಟಕ್ಕೆ ಹೋದಾಗ ಯಾರಾದರೂ “ನಿನ್ನ ನಕ್ಷೇಲಿ ಆ ಶಾಲೆ ಕಿಟಕಿ ಎಷ್ಟಗಲ ಇಟ್ಟಿದ್ದೀಯ?” ಎಂದರೆ ಬಾಯಿತುಂಬ ತುತ್ತು ತುರುಕಿಕೊಂಡು ಹಳೆಯ ಕಟ್ಟಡದತ್ತ ಕೈ ತೋರಿಸುವಳು. ಕೈ ತೊಳೆದು, ಎರಡು ಮಹಡಿ ಇಳಿದು, ರಸ್ತೆ ದಾಟಿ, ಎರಡು ಮಹಡಿ ಹತ್ತಿ, ಹದಿನಾಲ್ಕನೇ ಬಾಗಿಲೊಳಗೆ ಕಾಲಿಟ್ಟ ಮೇಲೆ ಫೋನ್ ಮಾಡುವಳು: “ನಾಲ್ಕಡಿ, ಸರ್.” ಆಚೆಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ವಿಮಾನ ಹತ್ತಬೇಕಾದವರು ಅವರಲ್ಲವಲ್ಲ!

ಮೂರನೆಯ ದಿನ ಕಟ್ಟಡದ ಮಾಲೀಕ ಕಳಿಸಿದ ಪೇಂಟರ್ ಏಣಿ, ಬಕೆಟ್ ಸಮೇತ ಬಂದ. ಐವತ್ತು ದಾಟಿದ ಆಸಾಮಿ. “ಅಯ್ಯೋ, ರೂಮು ಖಾಲಿ ಇದೆ ಅಂದಿದ್ರು!”

“ನಾನು ಖಾಲಿ ಮಾಡೋ ಹಾಗಿಲ್ಲ ಅಣ್ಣ,” ಎಂದು ಹುಡುಗಿ ಪತ್ರ ತೋರಿಸಿದಳು. ಅವನು ಅದನ್ನು ಮುಟ್ಟದೆ ಮೊದಲಿಂದ ಕೊನೆಯವರೆಗೆ ಓದಿದ.

“ನಿನ್ನ ಕಂಪನೀಲಿ ಎಷ್ಟು ಜನ?”

“ರಸ್ತೆಯ ಈ ಕಡೆ ನಾನೊಬ್ಬಳೇ.”

“ಹಾಗಾದ್ರೆ ನೀನೇ ಮ್ಯಾನೇಜರು. ಕೂತಿರಮ್ಮ, ನಿನ್ನನ್ನ ಬಿಟ್ಟು ಬಳೀತೀನಿ.” ಅವನ ಏಣಿ ಒಂದು ಗೋಡೆಗೆ ಬಂದರೆ ಅವಳ ಮೇಜು ಇನ್ನೊಂದು ಗೋಡೆಗೆ. ಹೀಗೆ ಇಬ್ಬರೂ ಕೋಣೆಯನ್ನು ಸುತ್ತತೊಡಗಿದರು.

ಐದನೆಯ ದಿನ ಪೇಂಟರ್ ಅವಳ ಮೇಜಿನ ಮೇಲಿದ್ದ ನಕ್ಷೆ ನೋಡುತ್ತ ಏಣಿಯ ಮೇಲಿಂದ ಕೇಳಿದ. “ಆ ಮೆಟ್ಟಿಲು ಹತ್ತೋರು ಯಾರು?”

“ಶಾಲೆ ಮಕ್ಕಳು.”

“ಅವರ ಮೇಲೆ ನಿಂಗೇನಮ್ಮ ಸಿಟ್ಟು? ಕೊನೇ ಮೆಟ್ಟಿಲು ನೋಡು.”

ಅಳೆದು ನೋಡಿದಳು. ಉಳಿದವುಗಳಿಗಿಂತ ಅದು ಎರಡು ಬೆರಳು ಎತ್ತರವಿತ್ತು. ಮೇಲಿನ ಮಹಡಿಗೆ ಹಾಸುವ ಕಲ್ಲಿನ ದಪ್ಪವನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ.

“ಎರಡೂ ಕೈಯಲ್ಲಿ ಬಕೆಟ್ ಹಿಡಿದು ಹತ್ತೋನಿಗೆ ಅವನ ಪಾದ ಕಾಣಲ್ಲ,” ಎಂದ ಪೇಂಟರ್. “ಮೊದಲನೇ ಮೆಟ್ಟಿಲು ಎಷ್ಟಿತ್ತೋ ಕೊನೇದೂ ಅಷ್ಟೇ ಅಂತ ಕಾಲು ನಂಬಿರುತ್ತೆ. ಅದಕ್ಕೆ ಮೋಸ ಮಾಡಬಾರದು. ಮಕ್ಕಳಂತೂ ಓಡಿಕೊಂಡೇ ಹತ್ತೋದು. ಮುಂದಿನ ಹಲ್ಲು ಅಲ್ಲೇ ಉಳಿಯುತ್ತೆ.” ಅವಳು ನಾಲ್ಕು ಸಲ ಅಳಿಸಿ ಬರೆದಳು. ಮೂರು ಸಲ ಅವನು ಏಣಿಯ ಮೇಲಿಂದಲೇ ತಲೆಯಾಡಿಸಿ ಬೇಡವೆಂದ.

ಒಂಬತ್ತನೆಯ ದಿನ ಕಾಲೇಜಿನಿಂದ ತಪಾಸಣೆಗೆ ಮೇಡಂ ಬಂದರು. ಬಾಗಿಲ ಮೇಲಿನ ಸಂಖ್ಯೆಗೂ ಪತ್ರದ ಸಂಖ್ಯೆಗೂ ತಾಳೆ ನೋಡಿ ತೃಪ್ತರಾದರು. ಒಳಗೆ ಬಂದು ಸುತ್ತ ಕಣ್ಣು ಹಾಯಿಸಿದವರೇ ಹುಬ್ಬು ಗಂಟಿಕ್ಕಿದರು. “ಕಚೇರಿ ಆಚೆ, ನೀನು ಈಚೆ. ಬರೀ ಕೂತಿದ್ದನ್ನ ತರಬೇತಿ ಅಂತ ಹೇಗೆ ಬರೀಲಿ? ಏನು ಕಲಿತೆ ತೋರಿಸು. ಇಲ್ಲದಿದ್ರೆ ಈ ಗಂಟೆಗಳೆಲ್ಲ ಸೊನ್ನೆ.”

ಹುಡುಗಿ ನಕ್ಷೆಗಳನ್ನು ಹರಡಿ, ಕೊನೆಯ ಮೆಟ್ಟಿಲು, ಬಕೆಟ್ಟು, ಮಕ್ಕಳ ಹಲ್ಲು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮೇಡಂ ಕೇಳುತ್ತ ಕೇಳುತ್ತ ಫಾರಂನಲ್ಲಿ ‘ಕಲಿತದ್ದು’ ಎಂಬ ಜಾಗವನ್ನು ಅಂಚಿನವರೆಗೂ ತುಂಬಿಸಿದರು. ಗಂಟೆಗಳು ಉಳಿದವು. ಹುಡುಗಿಗೆ ಕುಣಿಯುವಷ್ಟು ಖುಷಿಯಾಯಿತು.

“ಕಲಿಸಿದವರು?”

“ಈ ಅಣ್ಣ!” ಹುಡುಗಿ ಹೆಮ್ಮೆಯಿಂದ ಏಣಿಯತ್ತ ಕೈ ತೋರಿಸಿದಳು.

ಮೇಡಂ ಮೊದಲು ತಬ್ಬಿಬ್ಬಾದರು, ಆಮೇಲೆ ನಕ್ಕುಬಿಟ್ಟರು. “ಆಗಲಿ, ನಿಯಮದಲ್ಲಿ ಪೇಂಟರ್ ಕಲಿಸಬಾರದು ಅಂತೇನಿಲ್ಲ. ಇಳಿದು ಬನ್ನಿ. ಹೆಸರು, ಕೆಲಸದ ಪತ್ರದ ನಂಬರು ಹೇಳಿ, ಇಲ್ಲೊಂದು ಸಹಿ ಹಾಕಿ.”

ಇಳಿಯಬೇಕಾದವನು ಏಣಿಯಲ್ಲಿ ಇನ್ನೆರಡು ಮೆಟ್ಟಿಲು ಮೇಲೇರಿದ. “ಸಹಿ ಬೇಡ ಮೇಡಂ. ನಾನೂ ಈ ದೇಶದೋನಲ್ಲ. ನನ್ನ ಅನುಮತಿ ಪತ್ರ ಮುಗಿದು ಏಳು ವರ್ಷ ಆಯ್ತು.”

ಹುಡುಗಿಗೆ ತನ್ನ ಬಾಯಿಗೆ ತಾನೇ ಹೊಲಿಗೆ ಹಾಕಿಕೊಳ್ಳಬೇಕೆನಿಸಿತು. ಚಾಚಿದ ಕೈಯನ್ನು ಮೆಲ್ಲಗೆ ಇಳಿಸಿದಳು. ಮೇಡಂ ಅವನನ್ನು ನೋಡಿದರು, ನಕ್ಷೆಯ ಮೆಟ್ಟಿಲುಗಳನ್ನು ಇನ್ನೊಮ್ಮೆ ನೋಡಿದರು. ಕೊನೆಗೆ ‘ಕಲಿಸಿದವರು’ ಎಂಬಲ್ಲಿ ಬರೆಯುತ್ತ, ಎಲ್ಲರಿಗೂ ಕೇಳುವಂತೆ ಓದಿದರು: “ಯಾರೂ ಇಲ್ಲ. ತಾನಾಗಿಯೇ ಕಲಿತಳು.”

“ಹಾಗೇ ಬರೀರಿ ಮೇಡಂ,” ಎಂದ ಪೇಂಟರ್, ಬ್ರಷ್ಷನ್ನು ಬಣ್ಣಕ್ಕೆ ಅದ್ದುತ್ತ. “ನಾನೂ ಹಾಗೇ ಕಲಿತಿದ್ದು.”