ಮೂಗು ತಿಕ್ಕುವ ಪಾಠ

ಪ್ರಭಾಕರ ನಾಯಿಮರಿಯ ಕತ್ತು ಹಿಡಿದು, ಸೋಫಾದ ಮುಂದೆ ನಿಂತಿದ್ದ ಉಚ್ಚೆಗೆ ಅದರ ಮೂಗನ್ನು ಒತ್ತಿ ತಿಕ್ಕಿದ. ಹೀಗೆ ಒಮ್ಮೆ ತಿಕ್ಕಿದರೆ ನಾಯಿ ಮತ್ತೆಂದೂ ಮನೆಯೊಳಗೆ ಹೇಲು ಉಚ್ಚೆ ಮಾಡುವುದಿಲ್ಲ ಎಂದು ಅವನ ಅಪ್ಪ ಹೇಳುತ್ತಿದ್ದರು.

"ಥೂ, ಹೇಸಿಗೆ! ಎರಡು ದಿನ ಇಟ್ಕೊಂಡು ನೋಡಿ ಅಂತ ಆ ನಾಯಿ ಆಶ್ರಮದೋರು ಕೊಟ್ರಲ್ಲ, ನೋಡಿದ್ದಾಯ್ತು. ಸಂಜೆಗೇ ತಾಂಬರಂನಲ್ಲಿರೋ ಅವರ ಆಶ್ರಮಕ್ಕೇ ವಾಪಸ್ ಬಿಟ್ಟು ಬರ್ತೀನಿ. ಚಿಕ್ಕ ಮಕ್ಕಳಿರೋ ಮನೇಲಿ ಈ ಹೊಲಸು ಬೇಡ!" ಎಂದು ಹೆಂಡತಿಗೆ ಕೇಳುವಂತೆ ಕೂಗಿದ.

"ನಿನ್ನೆಯಿಂದ ಒರೆಸ್ತಿರೋಳು ನಾನು ತಾನೇ? ನಿಮಗ್ಯಾಕೆ ಇಷ್ಟು ಉರಿ?" ಎಂದು ಪಾವನಾ ಅಡುಗೆಮನೆಯಿಂದಲೇ ರೇಗಿದಳು.

ಬಿಟ್ಟೊಡನೆ ಮರಿ ಕುಂಯ್‌ಗುಟ್ಟುತ್ತ ಸೋಫಾದಡಿ ನುಸುಳಿತು. ಬಾಗಿಲ ಮರೆಯಿಂದ ನಾಲ್ಕು ವರ್ಷದ ಮಗಳು ಇಂಚರ ಮೆಲ್ಲಗೆ ಹೊರಬಂದಳು. "ಅಪ್ಪಾ, ಪಪ್ಪಿ ಇಲ್ಲೆ. ನಾನ್‌ದಾನ್," ಎಂದು ಶಾಲೆಯಲ್ಲಿ ಕಲಿತ ತಮಿಳಲ್ಲಿ ಹೇಳಿ, "ಪಪ್ಪಿ ಅಲ್ಲ, ನಾನೇ," ಎಂದಳು. ಅವಳ ಚಡ್ಡಿಯಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿತ್ತು.

ಪ್ರಭಾಕರನ ಕೈಗೆ ಮರಿಯ ಒದ್ದೆ ಕೂದಲು ಅಂಟಿತ್ತು. ಇಂಚರ ಅವನ ಮುಂದೆ ಮಂಡಿಯೂರಿ, ಎರಡೂ ಜಡೆಗಳನ್ನು ಬೆನ್ನ ಹಿಂದೆ ಹಾಕಿಕೊಂಡಳು. ಕಣ್ಣು ಬಿಗಿಯಾಗಿ ಮುಚ್ಚಿ, ಮೂಗನ್ನು ಉಚ್ಚೆಯ ಹತ್ತಿರಕ್ಕೆ ಬಗ್ಗಿಸಿ, ಅಪ್ಪನ ಕೈ ಕತ್ತಿನ ಮೇಲೆ ಬೀಳುವುದನ್ನೇ ಕಾದಳು.