ಪರಿಶೀಲಿಸಿದವರು

ಮಗ ಗುರುಪಾದಪ್ಪ ಕಚೇರಿಯಲ್ಲೇ ಎದೆನೋವಿನಿಂದ ಲಿಂಗೈಕ್ಯನಾದನೆಂಬ ಸುದ್ದಿ ಬಂದಾಗ ನಾನು ಪೂಜೆಗೆ ಕುಳಿತಿದ್ದೆ. ಅನುಕಂಪದ ನೌಕರಿಗೆ ಸೊಸೆ ಅರ್ಜಿ ಹಾಕಿದಳು. ಅದು ಬಿಟ್ಟರೆ ಅವಳಿಗೂ ಮಕ್ಕಳಿಗೂ ಬೇರೆ ಆಸರೆಯಿರಲಿಲ್ಲ. ತಿಂಗಳು ಕಳೆದ ಮೇಲೆ ವಿಚಾರಿಸಲು ಮಗನ ಕಚೇರಿಗೆ ಹೋದೆ.

“ಅರ್ಜಿ ತಿರಸ್ಕಾರ ಆಗೇತ್ರಿ, ಯಜಮಾನ್ರ,” ಎಂದ ಗುಮಾಸ್ತ. “ಸೊಸಿ ವಯಸ್ಸು ತುಸು ಮೀರೈತಂತ.”

“ಯಾರು ಹೇಳಿದ್ರಪಾ?”

“ಈಗೆಲ್ಲಾ ಅರ್ಜಿ ಎಐ ಯಂತ್ರಾನ ನೋಡತೈತ್ರಿ.”

“ಜೀವ ಇಲ್ಲದ್ದಕ್ಕ ನಮ್ಮ ಸಂಕಟ ಏನ್ ತಿಳೀಬೇಕೋ?”

“ಹಂಗನಬ್ಯಾಡ್ರಿ. ಅದು ಹೇಳಿದ್ದನ್ನ ಒಬ್ಬ ಮನುಷ್ಯಾ ಪರಿಶೀಲಿಸಿ ಒಪ್ಪಬೇಕಂತ ನಿಯಮ ಐತಿ. ಇದಕ್ಕೂ ನಿನ್ನೆ ಒಪ್ಪಿಗಿ ಬಿದ್ದೈತಿ.”

“ಹಂಗಾರ ಆ ಪುಣ್ಯಾತ್ಮನ್ನ ಒಂದೀಟು ತೋರಸು. ಕಾಲಿಗೆ ಬಿದ್ದು ಕೇಳತೀನಿ.”

ಅವನು ತಡವರಿಸಿದ. “ಎಲ್ಲಿಂದ ತೋರಸ್ಲಿರಿ? ಆ ಕೆಲಸದ ತರಬೇತಿ ಆಗಿದ್ದು ಒಬ್ಬರಿಗೇ. ಇನ್ನೊಬ್ಬರಿಗೆ ಕಲಿಸೂತನಕ ಅವರ ಹೆಸರಿನ್ಯಾಗ ಒಪ್ಪಿಗಿ ತಂತಾನ ಬೀಳೂ ಹಂಗ ಸಾಹೇಬ್ರು ಮಾಡಿಟ್ಟಾರ.”

“ಅವರು ಯಾರಪಾ?”

“ನಿಮ್ಮ ಮಗಾನ ರೀ. ಗುರುಪಾದಪ್ಪನವರು.”

ಶಿವನೇ, ಇನ್ನಾದರೂ ನನ್ನ ಮಗನ ಆತ್ಮಕ್ಕೆ ಶಾಂತಿ ಕೊಡು.